ಮನೆಯಿಂದ ಯೂನಿವರ್ಸಿಟಿ ಲ್ಯಾಬಿನ ಮಷೀನ್‌ಗೆ ಎಸ್‌ಎಸ್‌ಎಚ್ ಆಗುತ್ತಿಲ್ಲ, ಎನಿಡೆಸ್ಕ್ ಹಾಕಬಹುದಾ?

ಕೊನೇಸೆಮ್

ಎಲ್ಲರಿಗೂ ನಮಸ್ಕಾರ. ನನ್ನದು ಕಂಪ್ಯೂಟರ್ ಸೈನ್ಸ್, ಕೊನೇ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಒಂದು ಇಮೇಜ್ ಮಾಡೆಲ್ ಟ್ರೈನ್ ಮಾಡಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಪಿಯು ಇಲ್ಲ, ಲ್ಯಾಬಿನ ಲಿನಕ್ಸ್ ಮಷೀನ್‌ಗಳಲ್ಲಿ ಇದೆ. ಲ್ಯಾಬ್ ಸಂಜೆ ಬಾಗಿಲು ಹಾಕುತ್ತದೆ. ಟ್ರೈನಿಂಗ್ ರಾತ್ರಿಯಿಡೀ ಓಡಬೇಕು.

ಮನೆಯಿಂದ ಮಷೀನಿನ ಹೆಸರು ಹಾಕಿ ಎಸ್‌ಎಸ್‌ಎಚ್ (ದೂರದ ಮಷೀನಿಗೆ ಟರ್ಮಿನಲ್‌ನಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮಾಡಿದರೆ ‘ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್’ ಅಂತ ಬರುತ್ತದೆ. ಲ್ಯಾಬಿನಲ್ಲಿ ಬರೆದುಕೊಂಡಿದ್ದ ಐಪಿ ಅಡ್ರೆಸ್ ಹಾಕಿದರೆ ಸುಮಾರು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’. ಕ್ಯಾಂಪಸ್ ವೈಫೈನಿಂದ ಮಾಡಿದರೂ ಅದೇ. ಐಡಿ, ಪಾಸ್‌ವರ್ಡ್ ಸರಿ ಇವೆ. ಲ್ಯಾಬಿನಲ್ಲಿ ಅದರಿಂದಲೇ ಲಾಗಿನ್ ಆಗುತ್ತೇನೆ.

ಲ್ಯಾಬ್ ಮಷೀನಿನಲ್ಲಿ ಎನಿಡೆಸ್ಕ್ (ದೂರದಿಂದ ಪರದೆ ನೋಡಿ ನಡೆಸುವ ಆ್ಯಪ್) ಹಾಕಿ ಲಾಗಿನ್ ಆಗಿಯೇ ಬಿಟ್ಟು ಬಾ, ಮನೆಯಿಂದ ಅದನ್ನೇ ತೆರೆದುಕೋ ಅಂತ ಗೆಳೆಯ ಹೇಳಿದ. ಹಾಗೆ ಮಾಡಬಹುದಾ? ಇಲ್ಲದಿದ್ದರೆ ಸರಿಯಾದ ದಾರಿ ಯಾವುದು?

ಲ್ಯಾಬ್‌ಬದಿ

ದಯವಿಟ್ಟು ಎನಿಡೆಸ್ಕ್ ಹಾಕಬೇಡಿ. ಕೆಲವು ವರ್ಷ ಲ್ಯಾಬ್ ಮಷೀನ್‌ಗಳನ್ನು ನೋಡಿಕೊಂಡವನಾಗಿ ಹೇಳುತ್ತಿದ್ದೇನೆ. ಎನಿಡೆಸ್ಕ್, ಟೀಮ್‌ವ್ಯೂವರ್, ಎನ್‌ಗ್ರಾಕ್ ಇವೆಲ್ಲ ಒಳಗಿನಿಂದ ಹೊರಗೆ ಕನೆಕ್ಷನ್ ತೆಗೆಯುತ್ತವೆ. ಅದಕ್ಕೇ ಫೈರ್‌ವಾಲ್ ದಾಟಿ ಕೆಲಸ ಮಾಡುತ್ತವೆ. ಅಂದರೆ ಯೂನಿವರ್ಸಿಟಿಗೆ ಗೊತ್ತಿಲ್ಲದ ಒಂದು ದಾರಿ ನಿಮ್ಮ ಹೆಸರಿನಲ್ಲಿ ತೆರೆದಿರುತ್ತದೆ. ಆ ಪಾಸ್‌ವರ್ಡ್ ಯಾರ ಕೈಗಾದರೂ ಸಿಕ್ಕರೆ ಅವರು ಮಾಡಿದ್ದೆಲ್ಲ ನಿಮ್ಮ ಖಾತೆಯಲ್ಲಿ ದಾಖಲಾಗುತ್ತದೆ. ಹೆಚ್ಚಿನ ಕಡೆ ಇದು ನಿಯಮ ಮುರಿದ ಹಾಗೆ. ಖಾತೆಯನ್ನೇ ನಿಲ್ಲಿಸುತ್ತಾರೆ. ಪ್ರಾಜೆಕ್ಟ್ ಹೊತ್ತಿನಲ್ಲಿ ಅದು ಆಗಬಾರದು, ಅಲ್ವಾ?

ಇನ್ನೊಂದು ವಿಷಯ. ಲಾಗಿನ್ ಆಗಿ ಬಿಟ್ಟು ಬಂದ ಮಷೀನಿನಲ್ಲಿ ಬೇರೆ ವಿದ್ಯಾರ್ಥಿ ಕೂರುವ ಹಾಗಿಲ್ಲ. ಕೂತರೆ ನಿಮ್ಮ ಪರದೆಯೇ ಅವರ ಮುಂದೆ.

ನಿಮ್ಮ ಡಿಪಾರ್ಟ್‌ಮೆಂಟಿನ ಐಟಿ ಪುಟದಲ್ಲಿ ‘ರಿಮೋಟ್ ಆ್ಯಕ್ಸೆಸ್’ ಅಂತ ಹುಡುಕಿ. ವಿಪಿಎನ್ (ಹೊರಗಿನಿಂದ ಯೂನಿವರ್ಸಿಟಿ ನೆಟ್‌ವರ್ಕಿನೊಳಗೆ ಸೇರಿಸುವ ಸುರಕ್ಷಿತ ದಾರಿ), ಎಸ್‌ಎಸ್‌ಎಚ್ ಗೇಟ್‌ವೇ, ಬ್ರೌಸರಿನಲ್ಲಿ ತೆರೆಯುವ ಡೆಸ್ಕ್‌ಟಾಪ್, ಈ ಮೂರರಲ್ಲಿ ಒಂದಾದರೂ ಸಾಮಾನ್ಯವಾಗಿ ಇರುತ್ತದೆ.

ಕಪ್ಪುಪರದೆ

ಎರರ್ ಮೆಸೇಜ್ ಪೂರ್ತಿ ಬರೆದದ್ದು ಒಳ್ಳೇದಾಯಿತು. ‘ಕನೆಕ್ಟ್ ಆಗ್ತಿಲ್ಲ’ ಅಂತ ಮಾತ್ರ ಬರೆದಿದ್ದರೆ ಯಾರಿಗೂ ಏನೂ ಹೇಳಲು ಆಗುತ್ತಿರಲಿಲ್ಲ. ಎಸ್‌ಎಸ್‌ಎಚ್ ಎಲ್ಲಿ ನಿಂತಿತು ಅನ್ನುವುದನ್ನು ಅದೇ ಹೇಳುತ್ತದೆ. ಓದಿಕೊಳ್ಳಬೇಕು ಅಷ್ಟೇ.

‘ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್’ ಅಂದರೆ ಹೆಸರಿಗೆ ಅಡ್ರೆಸ್ ಸಿಕ್ಕಿಲ್ಲ. ಲ್ಯಾಬ್ ಮಷೀನ್‌ಗಳ ಹೆಸರು ಎಷ್ಟೋ ಕಡೆ ಒಳಗಿನ ಡಿಎನ್‌ಎಸ್‌ಗೆ (ಹೆಸರಿಗೆ ಅಡ್ರೆಸ್ ಹೇಳುವ ಸರ್ವರ್) ಮಾತ್ರ ಗೊತ್ತಿರುತ್ತದೆ. ಹೊರಗಿನಿಂದ ಕೇಳಿದರೆ ಅಂಥ ಹೆಸರೇ ಇಲ್ಲ ಅನ್ನುತ್ತದೆ.

‘ಟೈಮ್ಡ್ ಔಟ್’ ಅಂದರೆ ನೀವು ಕಳಿಸಿದ್ದಕ್ಕೆ ಆ ಕಡೆಯಿಂದ ಉತ್ತರವೇ ಬರಲಿಲ್ಲ. ಫೈರ್‌ವಾಲ್ ಮಧ್ಯದಲ್ಲೇ ನುಂಗಿರಬೇಕು, ಇಲ್ಲ ಮಷೀನ್ ಆಫ್ ಆಗಿರಬೇಕು. ಇಲ್ಲಿ ಪಾಸ್‌ವರ್ಡಿನ ಪ್ರಶ್ನೆಯೇ ಬಂದಿಲ್ಲ. ಹಾಗಾಗಿ ಅದನ್ನು ಬದಲಾಯಿಸಿ ಉಪಯೋಗವಿಲ್ಲ.

‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಬಹುಪಾಲು ನೀವು ಮಷೀನ್ ತನಕ ಹೋಗಿದ್ದೀರಿ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಮ್ ಇಲ್ಲ. ಎಸ್‌ಎಸ್‌ಎಚ್‌ನ ಮಾಮೂಲಿ ಪೋರ್ಟ್ 22. ಕೆಲವರು ಬೇರೆ ಇಟ್ಟಿರುತ್ತಾರೆ. ಅಥವಾ ಅದು ವಿಂಡೋಸ್‌ಗೆ ಬೂಟ್ ಆಗಿರಬಹುದು.

‘ಪರ್ಮಿಷನ್ ಡಿನೈಡ್’ ಬಂದರೆ ಸಂತೋಷಪಡಿ. ನೆಟ್‌ವರ್ಕ್ ಎಲ್ಲ ಸರಿ ಇದೆ, ನೀವು ಯಾರು ಅನ್ನುವುದರಲ್ಲಿ ಮಾತ್ರ ತಕರಾರು. ಆಗ ಐಡಿ, ಪಾಸ್‌ವರ್ಡ್, ಕೀ ನೋಡಿ.

ನಿಮ್ಮದು ಮೊದಲ ಎರಡು. ಅಂದರೆ ನೀವಿನ್ನೂ ಲ್ಯಾಬ್ ನೆಟ್‌ವರ್ಕ್ ಮುಟ್ಟಿಲ್ಲ. ಬರೆದುಕೊಂಡ ಐಪಿ 10ರಿಂದ ಶುರುವಾಗುತ್ತದಾ?

ಕೊನೇಸೆಮ್

ಹೌದು, 10ರಿಂದಲೇ. ಐಟಿ ಪುಟದಲ್ಲಿ ವಿಪಿಎನ್ ಬಗ್ಗೆ ಇದೆ. ಇವತ್ತು ಹಾಕುತ್ತೇನೆ. ಆದರೆ ವಿಪಿಎನ್ ಆನ್ ಮಾಡಿದರೆ ನನ್ನ ಎಲ್ಲ ಬ್ರೌಸಿಂಗೂ ಯೂನಿವರ್ಸಿಟಿ ಮೂಲಕ ಹೋಗುತ್ತದಾ? ಮತ್ತೆ ಕ್ಯಾಂಪಸ್ ವೈಫೈನಲ್ಲಿ ಯಾಕೆ ಆಗಲಿಲ್ಲ? ಅಲ್ಲಿ ನಾನು ಒಳಗೇ ಇದ್ದೆನಲ್ಲ.

ಕಪ್ಪುಪರದೆ

10ರಿಂದ ಶುರುವಾಗುವುದು, 192.168ರಿಂದ ಶುರುವಾಗುವುದು, 172.16ರಿಂದ 172.31ರ ತನಕದ್ದು, ಇವೆಲ್ಲ ಖಾಸಗಿ ಅಡ್ರೆಸ್‌ಗಳು. ಆಯಾ ಸಂಸ್ಥೆಯ ಒಳಗೆ ಮಾತ್ರ ಅರ್ಥ. ಹೊರಗಿನ ಇಂಟರ್ನೆಟ್‌ನಲ್ಲಿ ಅವಕ್ಕೆ ದಾರಿಯೇ ಇಲ್ಲ. ಮನೆಯಿಂದ ಎಷ್ಟು ಸಲ ಹೊಡೆದರೂ ಟೈಮ್ ಔಟ್ ಆಗುವುದೇ.

ವೈಫೈ ವಿಷಯ: ಕ್ಯಾಂಪಸ್ ಒಳಗೆ ಇರುವುದು ಒಂದೇ ನೆಟ್‌ವರ್ಕ್ ಅಲ್ಲ. ವೈಫೈ ಬೇರೆ, ಹಾಸ್ಟೆಲ್ ಬೇರೆ, ಲ್ಯಾಬ್ ಬೇರೆ, ಆಫೀಸ್ ಬೇರೆ. ನಡುವೆ ಫೈರ್‌ವಾಲ್‌ಗಳು. ಎಡುರೋಮ್‌ನಲ್ಲಿ (ಯೂನಿವರ್ಸಿಟಿಗಳ ವೈಫೈ) ಇದ್ದೀರಿ ಅಂದ ಮಾತ್ರಕ್ಕೆ ಲ್ಯಾಬಿನ ಮಷೀನ್ ಕಾಣಬೇಕು ಅಂತಿಲ್ಲ. ಕ್ಯಾಂಪಸ್‌ನಲ್ಲೇ ಕೂತು ವಿಪಿಎನ್ ಹಾಕಬೇಕಾದ ಕಡೆಗಳೂ ಇವೆ.

ಎಲ್ಲ ಬ್ರೌಸಿಂಗೂ ಹೋಗುತ್ತದಾ ಅನ್ನುವುದು ಅವರು ಹೇಗೆ ಸೆಟ್ ಮಾಡಿದ್ದಾರೆ ಅನ್ನುವುದರ ಮೇಲೆ. ‘ಸ್ಪ್ಲಿಟ್ ಟನೆಲ್’ ಇದ್ದರೆ ಯೂನಿವರ್ಸಿಟಿಯ ಅಡ್ರೆಸ್‌ಗಳಿಗೆ ಹೋಗುವುದು ಮಾತ್ರ ವಿಪಿಎನ್ ಮೂಲಕ, ಉಳಿದದ್ದು ನಿಮ್ಮ ಮನೆಯ ಲೈನಿನಲ್ಲೇ. ‘ಫುಲ್ ಟನೆಲ್’ ಇದ್ದರೆ ಎಲ್ಲವೂ ಅಲ್ಲಿಂದಲೇ. ಕೆಲಸ ಇದ್ದಾಗ ಹಾಕಿ, ಆದ ಮೇಲೆ ತೆಗೆಯಿರಿ. ಇನ್ನೊಂದು ತೊಂದರೆ ಕೆಲವರಿಗೆ ಬರುತ್ತದೆ: ಮನೆಯ ರೌಟರ್ ಕೊಟ್ಟಿರುವ ಅಡ್ರೆಸ್ ಮತ್ತು ಲ್ಯಾಬಿನ ಅಡ್ರೆಸ್ ಒಂದೇ ಸಾಲಿನದ್ದಾಗಿದ್ದರೆ ಲ್ಯಾಪ್‌ಟಾಪ್ ಲ್ಯಾಬನ್ನು ಮನೆಯೊಳಗೇ ಹುಡುಕುತ್ತದೆ. ಆಗ ರೌಟರಿನ ಸಾಲು ಬದಲಾಯಿಸಬೇಕು.

ಎರಡನೇವರ್ಷ

ನಮ್ಮಲ್ಲಿ ವಿಪಿಎನ್ ಇಲ್ಲ, ಒಂದೇ ಒಂದು ಗೇಟ್‌ವೇ ಮಷೀನ್ ಇದೆ. ಅದಕ್ಕೆ ಎಸ್‌ಎಸ್‌ಎಚ್ ಆಗಿ, ಅಲ್ಲಿಂದ ಮತ್ತೆ ಲ್ಯಾಬ್ ಮಷೀನಿಗೆ ಎಸ್‌ಎಸ್‌ಎಚ್ ಆಗುತ್ತೇವೆ. ಫೈಲ್ ತರಬೇಕಾದರೆ ಎರಡು ಸಲ ಕಾಪಿ. ತುಂಬಾ ಕಿರಿಕಿರಿ. ಸುಲಭದ ದಾರಿ ಇದೆಯಾ?

ಲ್ಯಾಬ್‌ಬದಿ

ಇದೆ. ಗೇಟ್‌ವೇ ಅನ್ನುವುದು ದೊಡ್ಡ ಕಾಂಪೌಂಡಿನ ಕಾವಲು ಬಾಗಿಲು. ಎಲ್ಲರೂ ಅದರಿಂದಲೇ ಒಳಗೆ ಬರಬೇಕು, ಆದರೆ ಅಲ್ಲೇ ಕೂತು ಕೆಲಸ ಮಾಡಬೇಕಿಲ್ಲ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2016ರಲ್ಲಿ ಬಂದ 7.3 ಆವೃತ್ತಿಯಿಂದ ‘ಪ್ರಾಕ್ಸಿಜಂಪ್’ ಇದೆ. ಕಮಾಂಡಿನಲ್ಲಿ ಹೈಫನ್ ಹಾಕಿ ದೊಡ್ಡಕ್ಷರದ ಜೆ ಬರೆದು, ಗೇಟ್‌ವೇ ಹೆಸರು ಕೊಟ್ಟು, ಆಮೇಲೆ ಲ್ಯಾಬ್ ಮಷೀನಿನ ಹೆಸರು ಕೊಡಿ. ಒಂದೇ ಕಮಾಂಡಿನಲ್ಲಿ ಒಳಗೆ ಹೋಗುತ್ತೀರಿ.

ಇದನ್ನೂ ದಿನಾ ಟೈಪ್ ಮಾಡಬೇಕಿಲ್ಲ. ನಿಮ್ಮ ಹೋಮ್ ಫೋಲ್ಡರಿನ ‘.ಎಸ್‌ಎಸ್‌ಎಚ್’ ಒಳಗೆ ‘ಕಾನ್ಫಿಗ್’ ಅನ್ನುವ ಫೈಲ್ ಮಾಡಿ. ‘ಹೋಸ್ಟ್’ ಸಾಲಿನಲ್ಲಿ ನಿಮಗೆ ಇಷ್ಟವಾದ ಚಿಕ್ಕ ಹೆಸರು, ಅದರ ಕೆಳಗೆ ‘ಹೋಸ್ಟ್‌ನೇಮ್’, ‘ಯೂಸರ್’, ‘ಪ್ರಾಕ್ಸಿಜಂಪ್’ ಸಾಲುಗಳು. ಆಮೇಲೆ ಆ ಚಿಕ್ಕ ಹೆಸರು ಹೇಳಿದರೆ ಸಾಕು. ಎಸ್‌ಸಿಪಿ, ಆರ್‌ಸಿಂಕ್ (ಇವೆರಡೂ ಫೈಲ್ ಕಾಪಿ ಮಾಡುವ ಕಮಾಂಡ್‌ಗಳು), ವಿಎಸ್ ಕೋಡ್ (ಕೋಡ್ ಎಡಿಟರ್) ಎಲ್ಲವೂ ಇದೇ ಫೈಲ್ ಓದುತ್ತವೆ. ಹಾಗಾಗಿ ಎರಡು ಸಲ ಕಾಪಿ ಮಾಡುವ ಗೋಳು ತಪ್ಪುತ್ತದೆ.

ವಿಂಡೋಸ್‌ನವರಿಗೆ: ವಿಂಡೋಸ್ 10ರಲ್ಲಿ 2018ರಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಜೊತೆಗೇ ಬರುತ್ತದೆ. ಪವರ್‌ಶೆಲ್ ತೆರೆದು ನೇರ ಬಳಸಿ. ಪುಟ್ಟಿ (ವಿಂಡೋಸ್‌ನ ಹಳೆಯ ಎಸ್‌ಎಸ್‌ಎಚ್ ಪ್ರೋಗ್ರಾಮ್) ಅಭ್ಯಾಸ ಇದ್ದವರು ಅದನ್ನೇ ಬಳಸಲಿ, ತೊಂದರೆ ಇಲ್ಲ. ಆದರೆ ಹೊಸಬರು ಪುಟ್ಟಿಯಿಂದ ಶುರು ಮಾಡುವ ಅಗತ್ಯ ಈಗ ಇಲ್ಲ.

ಕೊನೇಸೆಮ್

ವಿಪಿಎನ್ ಕೆಲಸ ಮಾಡಿತು! ಈಗ ಎಸ್‌ಎಸ್‌ಎಚ್ ಒಂದು ಉದ್ದದ ಫಿಂಗರ್‌ಪ್ರಿಂಟ್ ತೋರಿಸಿ ಎಸ್ ಅಥವಾ ನೋ ಕೇಳುತ್ತಿದೆ. ಎಸ್ ಅನ್ನಬಹುದಲ್ವಾ?

ಕಪ್ಪುಪರದೆ

ಸ್ವಲ್ಪ ತಡೆಯಿರಿ. ಎಲ್ಲರೂ ನೋಡದೇ ಎಸ್ ಒತ್ತುತ್ತಾರೆ. ಆದರೆ ಆ ಮಷೀನ್ ನಿಜಕ್ಕೂ ನಿಮ್ಮ ಲ್ಯಾಬಿನದೇ ಅಂತ ನೋಡಿಕೊಳ್ಳುವ ಜಾಗ ಇದೊಂದೇ. ಡಿಪಾರ್ಟ್‌ಮೆಂಟ್ ಪುಟದಲ್ಲಿ ಫಿಂಗರ್‌ಪ್ರಿಂಟ್ ಹಾಕಿದ್ದರೆ ಹೋಲಿಸಿ. ಇಲ್ಲದಿದ್ದರೆ ಮುಂದಿನ ಸಲ ಲ್ಯಾಬಿಗೆ ಹೋದಾಗ ಆ ಮಷೀನಿನಲ್ಲೇ ಕೂತು ಅದರ ಹೋಸ್ಟ್ ಕೀ ಫಿಂಗರ್‌ಪ್ರಿಂಟ್ ನೋಡಿ ಬರೆದುಕೊಳ್ಳಿ. ‘ಎಸ್‌ಎಸ್‌ಎಚ್ ಕೀಜೆನ್’ ಕಮಾಂಡಿಗೆ ಸಣ್ಣಕ್ಷರದ ಎಲ್, ಎಫ್ ಕೊಟ್ಟು ಪಬ್ಲಿಕ್ ಹೋಸ್ಟ್ ಕೀ ಫೈಲಿನ ಹೆಸರು ಕೊಟ್ಟರೆ ತೋರಿಸುತ್ತದೆ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಯೂನಿವರ್ಸಿಟಿ ನೆಟ್‌ವರ್ಕಿನ ಇಂಥ ತೊಂದರೆಯಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಇಟ್ಟಿದ್ದರು. ಆಗೆಲ್ಲ ಟೆಲ್ನೆಟ್ ಕಾಲ, ಪಾಸ್‌ವರ್ಡ್ ಬಿಚ್ಚಾಗಿಯೇ ತಂತಿಯಲ್ಲಿ ಹೋಗುತ್ತಿತ್ತು. ಅದಾದ ಮೇಲೆ ಅಲ್ಲಿದ್ದ ಟಾಟು ಯುಲೋನೆನ್ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿ ಬರೆದರು.

ಒಮ್ಮೆ ಎಸ್ ಅಂದ ಮೇಲೆ ಆ ಕೀ ‘ನೋನ್ ಹೋಸ್ಟ್ಸ್’ ಫೈಲಿನಲ್ಲಿ ಉಳಿಯುತ್ತದೆ. ಮುಂದೆ ಯಾವತ್ತಾದರೂ ‘ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಅಂತ ದೊಡ್ಡ ಎಚ್ಚರಿಕೆ ಬಂದರೆ ಹೆದರಬೇಡಿ, ಆದರೆ ಸುಮ್ನೆ ಅಳಿಸಿ ಮುಂದೆ ಹೋಗಬೇಡಿ. ರಜೆಯಲ್ಲಿ ಮಷೀನ್‌ಗಳಿಗೆ ಹೊಸದಾಗಿ ಲಿನಕ್ಸ್ ಹಾಕಿದರೆ ಕೀ ಬದಲಾಗುತ್ತದೆ. ಲ್ಯಾಬಿನವರನ್ನು ಕೇಳಿ ಖಚಿತ ಮಾಡಿಕೊಂಡು ಆಮೇಲೆ ಹಳೆಯದನ್ನು ತೆಗೆಯಿರಿ.

ಕೊನೇಸೆಮ್

ಪುಟದಲ್ಲಿ ಇತ್ತು, ಹೋಲಿಸಿದೆ, ಸರಿ ಇದೆ. ಒಳಗೆ ಬಂದೆ. ಎಲ್ಲರಿಗೂ ಥ್ಯಾಂಕ್ಸ್!

ಆದರೆ ಪ್ರತಿ ಸಲ ಪಾಸ್‌ವರ್ಡ್, ಆಮೇಲೆ ಫೋನಿನ ಕೋಡ್. ಇನ್ನೊಂದು ಟರ್ಮಿನಲ್ ತೆರೆದರೆ ಮತ್ತೆ ಅದೇ. ಇದಕ್ಕೇನಾದರೂ ಇದೆಯಾ?

ರಾತ್ರಿಓಟ

ಕೀ (ಪಾಸ್‌ವರ್ಡಿನ ಬದಲು ನಿಮ್ಮ ಗುರುತು ತೋರಿಸುವ ಎರಡು ಫೈಲ್‌ಗಳ ಜೋಡಿ) ಮಾಡಿಕೊಳ್ಳಿ. ‘ಎಸ್‌ಎಸ್‌ಎಚ್ ಕೀಜೆನ್’ ಓಡಿಸಿ, ವಿಧ ಇಡಿ25519 ಅಂತ ಕೊಡಿ. ಪಾಸ್‌ಫ್ರೇಸ್ ಕೇಳುತ್ತದೆ. ಖಾಲಿ ಬಿಡಬೇಡಿ. ಲ್ಯಾಪ್‌ಟಾಪ್ ಕಳೆದುಹೋದರೆ ಆ ಪಾಸ್‌ಫ್ರೇಸ್ ಒಂದೇ ನಿಮ್ಮನ್ನು ಕಾಪಾಡುವುದು. ‘.ಪಬ್’ ಅಂತ ಮುಗಿಯುವ ಫೈಲಿನ ಸಾಲನ್ನು ಮಾತ್ರ ಲ್ಯಾಬ್ ಮಷೀನಿನ ‘ಆಥರೈಸ್ಡ್ ಕೀಸ್’ ಫೈಲಿಗೆ ಸೇರಿಸಿ. ಇನ್ನೊಂದು ಫೈಲ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗಬಾರದು. ಎಸ್‌ಎಸ್‌ಎಚ್ ಏಜೆಂಟ್ ಆನ್ ಇದ್ದರೆ ಪಾಸ್‌ಫ್ರೇಸ್ ಪದೇ ಪದೇ ಹಾಕಬೇಕಿಲ್ಲ.

ಫೋನ್ ಕೋಡ್ ಕೀ ಇದ್ದರೂ ಕೇಳಬಹುದು. ಅದು ಅವರ ನಿಯಮ. ಮ್ಯಾಕ್, ಲಿನಕ್ಸ್ ಇದ್ದವರು ಕಾನ್ಫಿಗ್ ಫೈಲಿನಲ್ಲಿ ‘ಕಂಟ್ರೋಲ್ ಮಾಸ್ಟರ್’, ‘ಕಂಟ್ರೋಲ್ ಪಾತ್’, ‘ಕಂಟ್ರೋಲ್ ಪರ್ಸಿಸ್ಟ್’ ಹಾಕಿದರೆ ಮೊದಲ ಕನೆಕ್ಷನ್‌ನ ಮೇಲೇ ಉಳಿದವು ಹೋಗುತ್ತವೆ, ಕೋಡ್ ಒಂದೇ ಸಲ ಸಾಕು. ವಿಂಡೋಸ್‌ನ ಸ್ವಂತ ಎಸ್‌ಎಸ್‌ಎಚ್‌ನಲ್ಲಿ ಇದು ನಡೆಯುವುದಿಲ್ಲ. ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಒಳಗಿನಿಂದ ಮಾಡಿದರೆ ನಡೆಯುತ್ತದೆ.

ಎರಡನೇವರ್ಷ

ನಾನೂ ಕೀ ಹಾಕಿದೆ. ಸಾಲು ಸರಿಯಾಗಿಯೇ ಇದೆ. ಆದರೂ ಪಾಸ್‌ವರ್ಡ್ ಕೇಳುತ್ತಿದೆ. ಯಾಕೆ?

ಲ್ಯಾಬ್‌ಬದಿ

ಮೊದಲು ಪರ್ಮಿಷನ್ ನೋಡಿ. ‘.ಎಸ್‌ಎಸ್‌ಎಚ್’ ಫೋಲ್ಡರಿಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600 ಇಡಿ, ಅಂದರೆ ಎರಡೂ ನಿಮಗೆ ಮಾತ್ರ ತೆರೆಯುವ ಹಾಗೆ. ಹೋಮ್ ಫೋಲ್ಡರಿಗೆ ಬೇರೆಯವರು ಬರೆಯುವ ಹಕ್ಕಿದ್ದರೂ ಸರ್ವರ್ ಕೀಯನ್ನು ಒಪ್ಪುವುದಿಲ್ಲ. ಕಾರಣ ಸರಳ. ಬೇರೆಯವರು ಬರೆಯಬಹುದು ಅಂದರೆ ಅವರ ಕೀಯನ್ನೂ ಅಲ್ಲಿ ತೂರಿಸಬಹುದಲ್ಲ. ಗ್ರೂಪ್ ಪ್ರಾಜೆಕ್ಟ್ ಅಂತ ಹೋಮ್ ಫೋಲ್ಡರನ್ನೇ ಗೆಳೆಯರಿಗೆ ಬಿಟ್ಟುಕೊಟ್ಟವರಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ.

ಅದು ಸರಿ ಇದ್ದರೂ ಆಗದಿದ್ದರೆ ನಿಮ್ಮ ಹೋಮ್ ಫೋಲ್ಡರ್ ಎಲ್ಲಿದೆ ಅಂತ ಕೇಳಬೇಕು. ಲ್ಯಾಬಿನ ಯಾವ ಮಷೀನಿನಲ್ಲಿ ಕೂತರೂ ನಿಮ್ಮ ಫೈಲ್‌ಗಳೇ ಕಾಣುತ್ತವೆ ಅಂದರೆ ಅವು ಆ ಮಷೀನಿನಲ್ಲಿ ಇಲ್ಲ, ಒಂದು ಫೈಲ್ ಸರ್ವರಿನಲ್ಲಿವೆ. ಕೆಲವು ಕಡೆ ಆ ಸರ್ವರ್ ಕರ್ಬೆರಾಸ್ (ಲಾಗಿನ್ ಆದವರಿಗೆ ತಾತ್ಕಾಲಿಕ ಗುರುತಿನ ಟಿಕೆಟ್ ಕೊಡುವ ವ್ಯವಸ್ಥೆ) ಟಿಕೆಟ್ ಇಲ್ಲದೆ ಏನನ್ನೂ ಕೊಡುವುದಿಲ್ಲ. ಪಾಸ್‌ವರ್ಡ್ ಹಾಕಿ ಲಾಗಿನ್ ಆದರೆ ಟಿಕೆಟ್ ತಾನಾಗಿ ಸಿಗುತ್ತದೆ. ಕೀ ಬಳಸಿದರೆ ಪಾಸ್‌ವರ್ಡೇ ಇಲ್ಲ, ಟಿಕೆಟ್ ಎಲ್ಲಿಂದ ಬರಬೇಕು? ನಿಮ್ಮ ಕೀ ಫೈಲನ್ನು ಓದುವುದಕ್ಕೂ ಸರ್ವರಿಗೆ ಹಕ್ಕಿರುವುದಿಲ್ಲ. ಅಂಥ ಕಡೆ ಕೀ ನಡೆಯುವುದಿಲ್ಲ ಅಂತ ಒಪ್ಪಿಕೊಳ್ಳಬೇಕು, ಅಥವಾ ಲ್ಯಾಪ್‌ಟಾಪಿನಲ್ಲೇ ಕರ್ಬೆರಾಸ್ ಟಿಕೆಟ್ ತೆಗೆದು ಅದನ್ನೇ ಎಸ್‌ಎಸ್‌ಎಚ್ ಮೂಲಕ ಕಳಿಸಬೇಕು. ‘ಕೆಲಿಸ್ಟ್’ ಕಮಾಂಡ್ ಓಡಿಸಿ ನೋಡಿ, ಟಿಕೆಟ್ ಇದ್ದರೆ ತೋರಿಸುತ್ತದೆ.

ಕೊನೇಸೆಮ್

ರಾತ್ರಿ ಟ್ರೈನಿಂಗ್ ಹಚ್ಚಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ‘ಬ್ರೋಕನ್ ಪೈಪ್’, ಟ್ರೈನಿಂಗೂ ನಿಂತುಹೋಗಿದೆ.

ರಾತ್ರಿಓಟ

ಟರ್ಮಿನಲ್ ಹೋದಾಗ ಅದರಲ್ಲಿ ಓಡುತ್ತಿದ್ದ ಪ್ರೋಗ್ರಾಮೂ ಹೋಗುತ್ತದೆ. ಅದಕ್ಕೇ ಟಿಮಕ್ಸ್ ಇರುವುದು. ಲ್ಯಾಬ್ ಮಷೀನಿಗೆ ಹೋದ ತಕ್ಷಣ ಟಿಮಕ್ಸ್ ಶುರು ಮಾಡಿ, ಅದರೊಳಗೆ ಟ್ರೈನಿಂಗ್ ಹಚ್ಚಿ. ಕಂಟ್ರೋಲ್ ಬಿ ಒತ್ತಿ ಬಿಟ್ಟು, ಡಿ ಒತ್ತಿದರೆ ನೀವು ಹೊರಗೆ ಬರುತ್ತೀರಿ, ಟ್ರೈನಿಂಗ್ ಅಲ್ಲೇ ಓಡುತ್ತಿರುತ್ತದೆ. ಬೆಳಿಗ್ಗೆ ಟಿಮಕ್ಸ್ ಅಟ್ಯಾಚ್ ಮಾಡಿದರೆ ಬಿಟ್ಟ ಕಡೆಯಿಂದಲೇ ನೋಡಬಹುದು. ಆದರೆ ಬಿಟ್ಟ ಮಷೀನಿಗೇ ಹೋಗಬೇಕು. ಕೆಲವು ಗೇಟ್‌ವೇಗಳು ಪ್ರತಿ ಸಲ ಬೇರೆ ಬೇರೆ ಮಷೀನಿಗೆ ಕಳಿಸುತ್ತವೆ. ಹೆಸರು ಬರೆದಿಟ್ಟುಕೊಳ್ಳಿ.

ಕೂತಿದ್ದಾಗಲೇ ಪದೇ ಪದೇ ಕಟ್ ಆಗುತ್ತಿದ್ದರೆ ಕಾನ್ಫಿಗ್‌ನಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ 60 ಹಾಕಿ. ಸುಮ್ಮನಿರುವ ಕನೆಕ್ಷನ್‌ಗಳನ್ನು ರೌಟರ್‌ಗಳು ಮರೆತುಬಿಡುತ್ತವೆ. ಇದು 60 ಸೆಕೆಂಡಿಗೊಮ್ಮೆ ಚಿಕ್ಕ ಸಂದೇಶ ಕಳಿಸಿ ಜೀವಂತ ಇಡುತ್ತದೆ.

ಲ್ಯಾಬ್‌ಬದಿ

ಟಿಮಕ್ಸ್ ಹಾಕಿದ ಮೇಲೂ ಬೆಳಿಗ್ಗೆ ನಿಂತಿದ್ದರೆ ಮೂರು ಕಡೆ ನೋಡಿ.

ಮೊದಲನೆಯದು ಮತ್ತೆ ಕರ್ಬೆರಾಸ್. ಟಿಕೆಟ್‌ಗೆ ಆಯುಸ್ಸು ಇರುತ್ತದೆ, ಬಹಳ ಕಡೆ 10 ಗಂಟೆ. ರಾತ್ರಿ ಎಂಟಕ್ಕೆ ಲಾಗಿನ್ ಆದರೆ ಬೆಳಿಗ್ಗೆ ಆರಕ್ಕೆ ಮುಗಿಯಿತು. ಪ್ರೋಗ್ರಾಮ್ ಓಡುತ್ತಿರುತ್ತದೆ, ಆದರೆ ನಿಮ್ಮದೇ ಹೋಮ್ ಫೋಲ್ಡರಿಗೆ ಬರೆಯಲು ಹೋದಾಗ ‘ಪರ್ಮಿಷನ್ ಡಿನೈಡ್’. ಮಾಡೆಲ್ ಉಳಿಸುವ ಹೊತ್ತಿಗೇ ಸಾಯುತ್ತದೆ. ಹುಡುಗರು ತಮ್ಮ ಕೋಡಿನಲ್ಲೇ ದೋಷ ಇದೆ ಅಂತ ಹುಡುಕುತ್ತಾ ಕೂರುವುದನ್ನು ನೋಡಿ ಬೇಜಾರಾಗುತ್ತಿತ್ತು. ಟಿಕೆಟ್ ನವೀಕರಿಸುವ ಕ್ರಮ ಏನು ಅಂತ ಲ್ಯಾಬಿನವರನ್ನೇ ಕೇಳಿ. ಅಥವಾ ಫಲಿತಾಂಶವನ್ನು ಆ ಮಷೀನಿನ ಸ್ವಂತ ಡಿಸ್ಕಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ‘ಸ್ಕ್ರ್ಯಾಚ್’ ಅಂತ ಒಂದು ಜಾಗ ಕೊಟ್ಟಿರುತ್ತಾರೆ. ‘ಟೆಂಪ್’ ಫೋಲ್ಡರ್ ಬೇಡ, ರೀಬೂಟ್ ಆದರೆ ಖಾಲಿ ಆಗಬಹುದು.

ಎರಡನೆಯದು ಆ ರೀಬೂಟೇ. ಅಪ್‌ಡೇಟ್‌ಗೆ ಅಂತ ರಾತ್ರಿ ಮಷೀನ್‌ಗಳನ್ನು ರೀಬೂಟ್ ಮಾಡುವ ಲ್ಯಾಬ್‌ಗಳಿವೆ. ‘ಅಪ್‌ಟೈಮ್’ ಕಮಾಂಡ್ ಎಷ್ಟು ಹೊತ್ತಿನಿಂದ ಆನ್ ಇದೆ ಅಂತ ಹೇಳುತ್ತದೆ.

ಮೂರನೆಯದು, ಲಾಗ್ ಔಟ್ ಆದವರ ಎಲ್ಲ ಪ್ರೋಗ್ರಾಮ್‌ಗಳನ್ನೂ ಕೊಲ್ಲುವ ಹಾಗೆ ಕೆಲವು ಲ್ಯಾಬ್‌ಗಳಲ್ಲಿ ಸೆಟ್ ಮಾಡಿರುತ್ತಾರೆ. ಅಲ್ಲಿ ಟಿಮಕ್ಸ್ ಕೂಡ ಉಳಿಯುವುದಿಲ್ಲ. ಅದು ಅವರು ಬೇಕೆಂದೇ ಇಟ್ಟ ನಿಯಮ. ಉದ್ದದ ಕೆಲಸಕ್ಕೆ ಬೇರೆ ಸರ್ವರ್, ಹೆಚ್ಚಾಗಿ ಸ್ಲರ್ಮ್ ಕ್ಯೂ (ಎಲ್ಲರ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ವ್ಯವಸ್ಥೆ), ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

ಏನೇ ಇರಲಿ, ಪ್ರತಿ ಎಪಾಕ್ (ಡೇಟಾ ಮೇಲೆ ಟ್ರೈನಿಂಗಿನ ಒಂದು ಪೂರ್ತಿ ಸುತ್ತು) ಮುಗಿದಾಗ ಚೆಕ್‌ಪಾಯಿಂಟ್, ಅಂದರೆ ಅಲ್ಲಿಯ ತನಕದ ಮಾಡೆಲ್, ಉಳಿಸಿ. ಕರೆಂಟ್ ಹೋಗುವುದನ್ನು ಯಾರೂ ತಡೆಯಲಾರರು.

ಮೊದಲಬೆಂಚು

ನಾನು ಲ್ಯಾಬಿನಲ್ಲಿ ಕೂತು ಕೆಲಸ ಮಾಡುವವಳು. ಮನೆಯಲ್ಲಿ ನನಗೆ ಕಂಪ್ಯೂಟರ್ ಇಲ್ಲ. ಈ ಚರ್ಚೆಯಲ್ಲಿ ನಮ್ಮ ಕಡೆಯನ್ನೂ ಹೇಳಬೇಕು ಅನ್ನಿಸಿತು.

ರಿಮೋಟ್‌ನಲ್ಲಿ ಬರುವವರಿಗೆ ಮಷೀನಿನ ಮುಂದೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಪ್ರಾಕ್ಟಿಕಲ್ ತರಗತಿಯ ಮಧ್ಯದಲ್ಲಿ ಮೌಸ್ ಅಲುಗುವುದಿಲ್ಲ, ಎಡಿಟರ್ ತೆರೆಯುವುದಿಲ್ಲ. ನೋಡಿದರೆ ಯಾರದ್ದೋ ಪ್ರೋಗ್ರಾಮ್ ಎಲ್ಲ ಮೆಮೊರಿ ತಿಂದಿರುತ್ತದೆ. ಪರೀಕ್ಷೆಯ ದಿನ ಹೀಗಾದರೆ ಹೇಗಿರುತ್ತದೆ ಯೋಚಿಸಿ.

ಕೆಲಸ ಹಚ್ಚುವ ಮೊದಲು ‘ಡಬ್ಲ್ಯು’ ಅಂತ ಒಂದೇ ಅಕ್ಷರದ ಕಮಾಂಡ್ ಹೊಡೆಯಿರಿ. ಯಾರು ಲಾಗಿನ್ ಆಗಿದ್ದಾರೆ, ಎಷ್ಟು ಲೋಡ್ ಇದೆ ತೋರಿಸುತ್ತದೆ. ‘ಎನ್‌ವಿಡಿಯಾ ಎಸ್‌ಎಮ್‌ಐ’ ಓಡಿಸಿ ಜಿಪಿಯು ಖಾಲಿ ಇದೆಯಾ ನೋಡಿ. ಯಾರಾದರೂ ಇದ್ದರೆ ಪಕ್ಕದ ಮಷೀನಿಗೆ ಹೋಗಿ. ಸಿಪಿಯು ಕೆಲಸವಾದರೆ ‘ನೈಸ್’ 19 ಹಾಕಿ ಓಡಿಸಿ, ಆಗ ಮುಂದೆ ಕೂತವರಿಗೆ ಮೊದಲ ಪ್ರಾಶಸ್ತ್ಯ ಸಿಗುತ್ತದೆ. ಟೆನ್ಸರ್‌ಫ್ಲೋ ಬಳಸುವವರು ಒಂದು ತಿಳಿದುಕೊಳ್ಳಿ: ಅದು ಹೇಳದಿದ್ದರೆ ಕಾಣುವ ಎಲ್ಲ ಜಿಪಿಯುಗಳ ಬಹುಪಾಲು ಮೆಮೊರಿಯನ್ನು ಮೊದಲೇ ಹಿಡಿದುಕೊಳ್ಳುತ್ತದೆ. ‘ಮೆಮೊರಿ ಗ್ರೋತ್’ ಆನ್ ಮಾಡಿ, ‘ಕುಡಾ ವಿಸಿಬಲ್ ಡಿವೈಸಸ್’ ವೇರಿಯಬಲ್‌ನಲ್ಲಿ ನಿಮಗೆ ಬೇಕಾದ ಜಿಪಿಯು ನಂಬರ್ ಮಾತ್ರ ಕೊಡಿ.

ಮುಗಿದ ಮೇಲೆ ಟಿಮಕ್ಸ್ ಮುಚ್ಚಿ. ಎಷ್ಟೋ ಮಷೀನ್‌ಗಳಲ್ಲಿ ಕಳೆದ ಸೆಮಿಸ್ಟರಿನವರ ಜುಪಿಟರ್ ನೋಟ್‌ಬುಕ್ (ಬ್ರೌಸರಿನಲ್ಲಿ ಕೋಡ್ ಓಡಿಸುವ ಪುಟ) ಈಗಲೂ ಮೆಮೊರಿ ಹಿಡಿದುಕೊಂಡು ಕೂತಿರುತ್ತದೆ.

ಕೊನೇಸೆಮ್

ಇದು ನನಗೆ ಹೊಳೆದಿರಲಿಲ್ಲ. ಇನ್ನು ಮುಂದೆ ತರಗತಿಯ ವೇಳಾಪಟ್ಟಿ ನೋಡಿಕೊಂಡೇ ಹಚ್ಚುತ್ತೇನೆ. ಸಂಜೆ ಮೇಲೆ ಹಚ್ಚಿದರೆ ಯಾರಿಗೂ ತೊಂದರೆ ಇಲ್ಲ ತಾನೇ?

ಮೊದಲಬೆಂಚು

ಸಂಜೆ ಮೇಲೆ ಧಾರಾಳವಾಗಿ ಬಳಸಿ. ಬೆಳಿಗ್ಗೆ ಮೊದಲ ಬ್ಯಾಚ್ ಬರುವ ಮುಂಚೆ ಮುಗಿಯುವ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು.

ಗ್ರಾಫ್‌ಬೇಕು

ಗ್ರಾಫ್ ನೋಡುವುದು ಹೇಗೆ? ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಎಕ್ಸ್ ಕೊಟ್ಟು ವಿಂಡೋ ತೆರೆದರೆ ಒಂದು ಮೆನು ಬಿಚ್ಚಿಕೊಳ್ಳುವುದಕ್ಕೂ ಕಾಯಬೇಕು.

ಕಪ್ಪುಪರದೆ

ಎಕ್ಸ್ ಫಾರ್ವರ್ಡಿಂಗ್, ಅಂದರೆ ಲ್ಯಾಬಿನ ವಿಂಡೋವನ್ನು ನಿಮ್ಮ ಪರದೆಗೆ ತರುವುದು, ದೂರಕ್ಕೆ ಹೊಂದುವುದಿಲ್ಲ. ವಿಂಡೋ ತೋರಿಸುವ ವ್ಯವಸ್ಥೆಯಾದ ಎಕ್ಸ್11 ಬಂದದ್ದು 1987ರಲ್ಲಿ, ಒಂದೇ ಕಟ್ಟಡದ ನೆಟ್‌ವರ್ಕ್ ಮನಸ್ಸಿನಲ್ಲಿಟ್ಟುಕೊಂಡು. ಒಂದು ವಿಂಡೋ ಬಿಡಿಸಲು ಎರಡೂ ಕಡೆ ಹತ್ತಾರು ಸಲ ಹೋಗಿ ಬರುತ್ತದೆ. ನಿಮ್ಮ ಇಂಟರ್ನೆಟ್ ಎಷ್ಟೇ ವೇಗದ್ದಾದರೂ ಹೋಗಿಬರುವ ಸಮಯ ಕಡಿಮೆ ಆಗುವುದಿಲ್ಲ.

ಗ್ರಾಫ್ ಮಾತ್ರ ಬೇಕಾದರೆ ಪಿಎನ್‌ಜಿ ಫೈಲಾಗಿ ಉಳಿಸಿ ತಂದು ನೋಡಿ. ಜುಪಿಟರ್ ಬೇಕಾದರೆ ಟನೆಲ್ ಮಾಡಿ: ಲ್ಯಾಬಿನಲ್ಲಿ ಜುಪಿಟರ್ ಅನ್ನು ಬ್ರೌಸರ್ ತೆರೆಯದ ಹಾಗೆ ಶುರು ಮಾಡಿ, ಅದು ಯಾವ ಪೋರ್ಟ್ ಹಿಡಿಯಿತು ನೋಡಿ. ಮಾಮೂಲಿ 8888, ಬೇರೆಯವರು ಅದನ್ನು ಹಿಡಿದಿದ್ದರೆ 8889 ಹೀಗೆ. ಆಮೇಲೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಎಲ್ ಆಯ್ಕೆ ಕೊಟ್ಟು 8888:ಲೋಕಲ್‌ಹೋಸ್ಟ್:8888 ಅಂತ ಬರೆಯಿರಿ. ಮೊದಲ ನಂಬರ್ ನಿಮ್ಮ ಲ್ಯಾಪ್‌ಟಾಪಿನದ್ದು, ಕೊನೆಯದ್ದು ಲ್ಯಾಬಿನದ್ದು. ನಡುವಿನ ಲೋಕಲ್‌ಹೋಸ್ಟ್ ಅಂದರೆ ಲ್ಯಾಬ್ ಮಷೀನ್, ನಿಮ್ಮದಲ್ಲ. ಇಲ್ಲೇ ಜನ ಜಾಸ್ತಿ ಗೊಂದಲಪಡುವುದು. ಜುಪಿಟರ್ ಕೊಡುವ ಟೋಕನ್ ತೆಗೆದುಹಾಕಬೇಡಿ. ಆ ಮಷೀನಿನಲ್ಲಿ ಲಾಗಿನ್ ಆದ ಯಾರು ಬೇಕಾದರೂ ನಿಮ್ಮ ಪೋರ್ಟ್ ಮುಟ್ಟಬಹುದು.

ಪೂರ್ತಿ ಡೆಸ್ಕ್‌ಟಾಪೇ ಬೇಕಾದರೆ ಎಕ್ಸ್‌ಟುಗೋ ಇದೆಯಾ ಅಂತ ಕೇಳಿ, ಸಾಕಷ್ಟು ಚುರುಕಾಗಿರುತ್ತದೆ.

ಎರಡನೇವರ್ಷ

ಇಷ್ಟೆಲ್ಲಾ ಯಾಕೆ, ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ ಹಾಕಿಕೊಂಡರೆ ಆಯಿತಲ್ಲ? ಫೈಲ್, ಟರ್ಮಿನಲ್, ನೋಟ್‌ಬುಕ್ ಎಲ್ಲ ಒಂದೇ ಕಡೆ. ಪೋರ್ಟ್ ಕೂಡ ಅದೇ ಟನೆಲ್ ಮಾಡಿಕೊಳ್ಳುತ್ತದೆ.

ಲ್ಯಾಬ್‌ಬದಿ

ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಅದು ಆ ಕಡೆ ಒಂದು ಸರ್ವರ್ ಇಳಿಸಿ ಓಡಿಸುತ್ತದೆ. ಗೇಟ್‌ವೇ ಮೇಲೆ ನೂರಾರು ಜನ ಹಾಗೆ ಮಾಡಿದರೆ ಗೇಟ್‌ವೇ ಕೂತುಬಿಡುತ್ತದೆ. ಆದ್ದರಿಂದ ಪ್ರಾಕ್ಸಿಜಂಪ್ ಹಾಕಿ ಲ್ಯಾಬ್ ಮಷೀನಿಗೆ ನೇರ ಹೋಗಿ. 2024ರ ಆರಂಭದಲ್ಲಿ ಬಂದ ವಿಎಸ್ ಕೋಡ್ 1.86 ಆವೃತ್ತಿಯಿಂದ ಆ ಸರ್ವರಿಗೆ ಗ್ಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.28 ಬೇಕು. ಹಳೇ ಲಿನಕ್ಸ್ ಇರುವ ಲ್ಯಾಬ್‌ಗಳಲ್ಲಿ ಒಪ್ಪುವುದಿಲ್ಲ.

ಮತ್ತೆ ಕೋಟಾ, ಅಂದರೆ ನಿಮಗೆ ಕೊಟ್ಟ ಡಿಸ್ಕ್ ಜಾಗದ ಮಿತಿ. ‘.ವಿಎಸ್‌ಕೋಡ್ ಸರ್ವರ್’ ಫೋಲ್ಡರ್, ಪಿಪ್ ಕ್ಯಾಶ್, ಕೊಂಡಾ ಎನ್ವಿರಾನ್‌ಮೆಂಟ್‌ಗಳು ಸೇರಿ ಹೋಮ್ ಫೋಲ್ಡರ್ ತುಂಬಿಸುತ್ತವೆ. ತುಂಬಿದರೆ ಲ್ಯಾಬಿನಲ್ಲಿ ಲಾಗಿನ್ ಪರದೆ ಪಾಸ್‌ವರ್ಡ್ ಒಪ್ಪಿ ಮತ್ತೆ ಲಾಗಿನ್ ಪರದೆಗೇ ಬರಬಹುದು, ಚಿಕ್ಕ ಫೈಲ್ ಬರೆಯಲೂ ಜಾಗ ಇಲ್ಲದೆ. ಆಗ ಎಸ್‌ಎಸ್‌ಎಚ್ ಮಾತ್ರ ಕೆಲಸ ಮಾಡುತ್ತದೆ. ಒಳಗೆ ಹೋಗಿ ‘ಡಿಯು’ ಹಾಕಿ ದೊಡ್ಡ ಫೋಲ್ಡರ್ ಹುಡುಕಿ ತೆಗೆಯಿರಿ.

ನಕ್ಷೆಯವ

ನಮ್ಮದು ಮೆಕ್ಯಾನಿಕಲ್, ವಿಂಡೋಸ್ ಲ್ಯಾಬ್. ಡಿಸೈನ್ ಸಾಫ್ಟ್‌ವೇರ್ ಅಲ್ಲಿ ಮಾತ್ರ ಇದೆ. ವಿಪಿಎನ್ ಹಾಕಿ ರಿಮೋಟ್ ಡೆಸ್ಕ್‌ಟಾಪ್ ಮಾಡಿದರೆ ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ‘ಬೇರೊಬ್ಬರು ಲಾಗಿನ್ ಆಗಿದ್ದಾರೆ’ ಅನ್ನುತ್ತದೆ.

ಲ್ಯಾಬ್‌ಬದಿ

ವಿಂಡೋಸ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಬ್ಬರೇ. ಮುಂದೆ ಯಾರಾದರೂ ಕೂತಿದ್ದರೆ ನೀವು ಕಾಯಬೇಕು, ನೀವಿದ್ದರೆ ಅವರು. ಹಾಗಾಗಿ ಕೆಲಸ ಮುಗಿದಾಗ ಕಿಟಕಿ ಮುಚ್ಚಿ ಎದ್ದು ಹೋಗಬೇಡಿ, ಅದು ಬರೀ ಡಿಸ್‌ಕನೆಕ್ಟ್. ನಿಮ್ಮ ಸೆಷನ್ ಅಲ್ಲೇ ಇರುತ್ತದೆ, ಸಾಫ್ಟ್‌ವೇರಿನ ಲೈಸೆನ್ಸೂ ನಿಮ್ಮ ಹೆಸರಿನಲ್ಲೇ ಹಿಡಿದಿರುತ್ತದೆ. ‘ಸೈನ್ ಔಟ್’ ಮಾಡಿ. ಅಪ್ಪಿತಪ್ಪಿಯೂ ‘ಶಟ್ ಡೌನ್’ ಒತ್ತಬೇಡಿ. ಬಟನ್ ಒತ್ತಿ ಆನ್ ಮಾಡಲು ಅಲ್ಲಿ ಯಾರೂ ಇರುವುದಿಲ್ಲ.

ವಿಪಿಎನ್ ಇಲ್ಲದೆ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಹೊರಗೆ ತೆರೆಯಿರಿ ಅಂತ ಕೇಳಬೇಡಿ, ಕೊಡುವುದಿಲ್ಲ. 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಬಂದಾಗ ಹಳೇ ವಿಂಡೋಸ್‌ಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ನುಗ್ಗಬಹುದಿತ್ತು. ಬ್ರೌಸರಿನಲ್ಲೇ ತೆರೆಯುವ ಅಪಾಚೆ ಗ್ವಾಕಮೋಲಿ ಅಥವಾ ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇ ಇದೆಯಾ ಅಂತ ಕೇಳಿ. ಲ್ಯಾಬಿನಲ್ಲಿ ಬಳಸಲು ಕೊಟ್ಟ ಲೈಸೆನ್ಸ್ ಮನೆಯಿಂದಲೂ ನಡೆಯುತ್ತದಾ ಅನ್ನುವುದನ್ನೂ ಅವರೇ ಹೇಳಬೇಕು. ಸಾಫ್ಟ್‌ವೇರಿಂದ ಸಾಫ್ಟ್‌ವೇರಿಗೆ ನಿಯಮ ಬೇರೆ.

ಕೊನೇಸೆಮ್

ಟಿಮಕ್ಸ್ ಹಾಕಿ, ಸ್ಕ್ರ್ಯಾಚ್‌ನಲ್ಲಿ ಚೆಕ್‌ಪಾಯಿಂಟ್ ಉಳಿಸಿ, ರಾತ್ರಿ ಹಚ್ಚಿದ್ದು ಬೆಳಿಗ್ಗೆ ಪೂರ್ತಿ ಮುಗಿದಿತ್ತು! ಟಿಕೆಟ್ ಮುಗಿದದ್ದೂ ‘ಕೆಲಿಸ್ಟ್’ನಲ್ಲಿ ಕಂಡಿತು. ಅದಾದ ಮೇಲೂ ಸ್ಕ್ರ್ಯಾಚ್‌ಗೆ ಬರೆದಿದೆ.

ಕೊನೇ ಪ್ರಶ್ನೆ. ಚೆಕ್‌ಪಾಯಿಂಟ್‌ಗಳು ದೊಡ್ಡವು. ಎಸ್‌ಸಿಪಿ ಮಾಡುವಾಗ ಮಧ್ಯದಲ್ಲಿ ಕಟ್ ಆದರೆ ಮೊದಲಿಂದ ಶುರು. ಮತ್ತೆ ಕೋರ್ಸ್ ಮುಗಿದ ಮೇಲೆ ಈ ಫೈಲ್‌ಗಳು ಇರುತ್ತವಾ?

ರಾತ್ರಿಓಟ

ಆರ್‌ಸಿಂಕ್ ಬಳಸಿ, ದೊಡ್ಡಕ್ಷರದ ಪಿ ಆಯ್ಕೆ ಹಾಕಿ. ಕಟ್ ಆದರೆ ಅದೇ ಕಮಾಂಡ್ ಮತ್ತೆ ಕೊಡಿ, ಬಂದಷ್ಟನ್ನು ಬಿಟ್ಟು ಉಳಿದದ್ದು ತರುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ ಒಳಗೆ ಸಿಗುತ್ತದೆ. ಅದು ಬೇಡ ಅಂದರೆ ವಿನ್‌ಎಸ್‌ಸಿಪಿ, ಅದೂ ನಿಂತಲ್ಲಿಂದ ಮುಂದುವರಿಸುತ್ತದೆ.

ಲ್ಯಾಬ್‌ಬದಿ

ಸ್ಕ್ರ್ಯಾಚ್‌ಗೆ ಬ್ಯಾಕಪ್ ಇರುವುದಿಲ್ಲ, ಹಳೇ ಫೈಲ್‌ಗಳನ್ನು ತಾನಾಗಿ ಅಳಿಸುವ ಕಡೆಗಳೂ ಇವೆ. ಬೇಕಾದ್ದನ್ನು ಈ ವಾರವೇ ತಂದುಕೊಳ್ಳಿ. ಕೋರ್ಸ್ ಮುಗಿದ ಮೇಲೆ ಖಾತೆಯನ್ನು ಮುಚ್ಚುತ್ತಾರೆ. ಯಾವಾಗ ಅನ್ನುವುದನ್ನು ಫಲಿತಾಂಶ ಬರುವ ಮುಂಚೆಯೇ ಲ್ಯಾಬಿನಲ್ಲಿ ಕೇಳಿ. ಯೂನಿವರ್ಸಿಟಿ ಇಮೇಲ್‌ನಿಂದ ತೆರೆದ ಗಿಟ್ ಖಾತೆ ಇದ್ದರೆ ನಿಮ್ಮ ಸ್ವಂತ ಇಮೇಲ್ ಕೂಡ ಅದಕ್ಕೆ ಈಗಲೇ ಸೇರಿಸಿ.